ಮಠಕ್ಕೆ ಓಡಿಹೋಗಬೇಕು ಅನ್ನಿಸುತ್ತಿದೆ: ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 41 ವರ್ಷ. ಇಬ್ಬರು ಮಕ್ಕಳು, ಆಫೀಸಿನ ಕೆಲಸ, ಹಾಸಿಗೆ ಹಿಡಿದಿರುವ ಅತ್ತೆ. ಕ್ರೈಸ್ತ ಮಠಗಳಲ್ಲಿ ಮೌನವಾಗಿ ಬದುಕುವ ಸನ್ಯಾಸಿಗಳ ಬಗ್ಗೆ ಇತ್ತೀಚೆಗೆ ಓದುತ್ತಿದ್ದೇನೆ. ಓದಿದಷ್ಟೂ ಎಲ್ಲ ಬಿಟ್ಟು ಅಂಥ ಕಡೆ ಹೋಗಿಬಿಡಬೇಕು ಅನ್ನಿಸುತ್ತದೆ. ಅದು ಆಗದ ಮಾತು. ಅದಕ್ಕೇ ಮನೆಯಲ್ಲೇ ದಿನಾ ಇಪ್ಪತ್ತು ನಿಮಿಷ ಪ್ರಾರ್ಥನೆಗೆ ಸುಮ್ಮನೆ ಕೂರಲು ಶುರು ಮಾಡಿದೆ. ಒಂದೋ ನಿದ್ದೆ ಬರುತ್ತದೆ, ಇಲ್ಲಾ ಆಫೀಸಿನ ಕೆಲಸ ತಲೆಗೆ ಬರುತ್ತದೆ. ಮೂರು ವಾರಕ್ಕೆ ಬಿಟ್ಟೆ. "ಅವರೆಲ್ಲ ಸಂಸಾರ ಬೇಡ ಅಂತ ಓಡಿಹೋದವರು, ಅವರಿಂದ ನಿನಗೇನು ಪಾಠ" ಅಂತ ನನ್ನ ಗಂಡ ಕೇಳುತ್ತಾರೆ. ಅದು ನಿಜವೇ? ನಮ್ಮಂಥವರು ಅವರಿಂದ ಕಲಿಯುವುದು ಏನಾದರೂ ಇದೆಯೇ? ಎರಡು ಮೂರು ದಿನ ಮಠದಲ್ಲಿ ಉಳಿದು ಬಂದರೆ ಉಪಯೋಗವಾದೀತೇ?

ಉತ್ತರ: ಎಲ್ಲ ಬಿಟ್ಟು ಹೋಗಿಬಿಡಬೇಕು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಮಠದ ಒಳಗಿರುವ ಸನ್ಯಾಸಿಗೂ ಸರಿಯಾಗಿ ಅದೇ ಅನ್ನಿಸುತ್ತದೆ. ನಿಮ್ಮ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಮಠದಲ್ಲಿ ಹೇಗೆ ಬದುಕಬೇಕು ಅಂತ ಸಂತ ಬೆನೆಡಿಕ್ಟರು ಬರೆದ ನಿಯಮವನ್ನೂ ಅದಕ್ಕಿಂತ ಹಿಂದಿನ ಮರುಭೂಮಿಯ ಸನ್ಯಾಸಿಗಳ ಮಾತುಗಳನ್ನೂ ನಾನು ಎಷ್ಟೋ ವರ್ಷಗಳಿಂದ ಓದುತ್ತಾ, ಬೇರೆಯವರಿಗೆ ಓದಿಸುತ್ತಾ ಬಂದಿದ್ದೇನೆ. ಹಸಿವು, ಚಳಿ, ಒಂಟಿತನ ಇವುಗಳಿಗಿಂತ ಜಾಸ್ತಿ ಅವರನ್ನು ಕಾಡಿದ್ದು "ನಾನು ಬೇರೆ ಎಲ್ಲಾದರೂ ಇರಬೇಕಿತ್ತು" ಅನ್ನುವ ಚಡಪಡಿಕೆ.

4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಇವಾಗ್ರಿಯಸ್ ಅನ್ನುವ ಸನ್ಯಾಸಿ ಇದ್ದರು. 399ರಲ್ಲಿ ತೀರಿಕೊಂಡರು. ಮನಸ್ಸನ್ನು ಕೆಡಿಸುವ ಯೋಚನೆಗಳು ಎಂಟು ಬಗೆ ಅಂತ ಅವರು ಲೆಕ್ಕ ಹಾಕಿದ್ದರು. ಆ ಎಂಟರಲ್ಲಿ ಎಲ್ಲಕ್ಕಿಂತ ಭಾರವಾದದ್ದಕ್ಕೆ ಗ್ರೀಕ್ ಭಾಷೆಯಲ್ಲಿ ಅಕೇಡಿಯಾ ಅಂತ ಹೆಸರು. ಕನ್ನಡದಲ್ಲಿ ಅದಕ್ಕೆ ಒಂದೇ ಪದ ಸಾಲದು. ಬೇಸರ, ಜಡ್ಡುತನ, ಯಾವುದೂ ಬೇಡ ಅನ್ನುವ ಮನಸ್ಸು, ಎಲ್ಲ ಕಲಸಿದ ಹಾಗೆ. ಮಟಮಟ ಮಧ್ಯಾಹ್ನದ ದೆವ್ವ ಅಂತಲೂ ಅದನ್ನು ಕರೆಯುತ್ತಾರೆ. ಬೆಳಗ್ಗೆ ಹತ್ತರ ಹೊತ್ತಿಗೆ ಬಂದರೆ ಮಧ್ಯಾಹ್ನ ಎರಡರವರೆಗೂ ಬಿಡುವುದಿಲ್ಲವಂತೆ. ಸೂರ್ಯ ಕದಲುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇದೆಯೇನೋ ಅನ್ನಿಸುತ್ತದೆ. ಸನ್ಯಾಸಿ ಮತ್ತೆ ಮತ್ತೆ ಕಿಟಕಿ ನೋಡುತ್ತಾನೆ. ಊಟಕ್ಕೆ ಎಷ್ಟು ಹೊತ್ತಿದೆ ಅಂತ ಹೊರಗೆ ಬಂದು ಬಿಸಿಲು ನೋಡುತ್ತಾನೆ. ಯಾರಾದರೂ ಬರುತ್ತಾರಾ ಅಂತ ಆ ಕಡೆ ಈ ಕಡೆ ಕಣ್ಣು ಹಾಯಿಸುತ್ತಾನೆ. ಈ ಜಾಗ ಬೇಡ, ಈ ಕೆಲಸ ಬೇಡ, ಇಲ್ಲಿ ಯಾರಲ್ಲೂ ಪ್ರೀತಿ ಉಳಿದಿಲ್ಲ, ನನ್ನನ್ನು ಕೇಳುವವರೇ ಇಲ್ಲ ಅನ್ನಿಸತೊಡಗುತ್ತದೆ. ಆಮೇಲೆ ಬದುಕು ಸುಲಭವಾಗಿರುವ ಬೇರೆ ಜಾಗಗಳು ಕಣ್ಣ ಮುಂದೆ ಬರುತ್ತವೆ, ಬಿಟ್ಟು ಬಂದ ಮನೆಯವರು ನೆನಪಾಗುತ್ತಾರೆ.

ಓದಿದರೆ ಯಾರೋ ಇವತ್ತು ಆಫೀಸಿನಲ್ಲಿ ಕೂತು ಬರೆದ ಹಾಗಿದೆ, ಅಲ್ವಾ? ನೀವು ಮನೆಯಲ್ಲಿ ಕೂತು ಮಠದ ಕನಸು ಕಾಣುತ್ತೀರಿ. ಅವನು ಮಠದಲ್ಲಿ ಕೂತು ಮನೆಯ ಕನಸು ಕಾಣುತ್ತಾನೆ.

ಅಮೆರಿಕದ ಕೆಂಟಕಿಯ ಗೆತ್ಸೆಮನಿ ಮಠಕ್ಕೆ 1941ರಲ್ಲಿ ಸೇರಿದ ಥಾಮಸ್ ಮರ್ಟನ್ ಅವರ ಕಥೆಯೂ ಇದೇ. 1948ರಲ್ಲಿ ಬಂದ ಅವರ ಆತ್ಮಕಥೆ ಓದಿ ಎಷ್ಟೋ ಯುವಕರು ಮಠಗಳ ಬಾಗಿಲು ತಟ್ಟಿದರು. ಅದನ್ನು ಬರೆದವರಿಗೋ, ತಮ್ಮ ಮಠದಲ್ಲಿ ಗದ್ದಲ ಜಾಸ್ತಿಯಾಯಿತು, ಇನ್ನೂ ಮೌನವಾಗಿರುವ ಬೇರೆ ಪಂಗಡಕ್ಕೆ ಹೋಗಬೇಕು ಅನ್ನುವ ತಹತಹ ವರ್ಷಗಟ್ಟಲೆ ಕಾಡಿತು. ಬೇರೆ ಮಠಕ್ಕೆ ಸೇರಿಕೊಳ್ಳಲು ಪ್ರಯತ್ನವನ್ನೂ ಮಾಡಿದರು, ಅದು ಕೈಗೂಡಲಿಲ್ಲ. ಕೊನೆಗೆ 1965ರಲ್ಲಿ ಅದೇ ಮಠದ ಜಮೀನಿನಲ್ಲಿದ್ದ ಒಂದು ಪುಟ್ಟ ಮನೆಯಲ್ಲಿ ಒಬ್ಬರೇ ಇರಲು ಅವರಿಗೆ ಅವಕಾಶ ಸಿಕ್ಕಿತು.

ಹಾಗಾದರೆ ಹಿರಿಯರು ಇದಕ್ಕೆ ಏನು ಮದ್ದು ಹೇಳಿದರು? ಬಹಳ ಸಣ್ಣದು. ಈಜಿಪ್ಟಿನ ಮೊದಮೊದಲ ಸನ್ಯಾಸಿಗಳಲ್ಲಿ ಒಬ್ಬರಾದ ಸಂತ ಅಂತೋಣಿಯವರಿಗೂ ಮರುಭೂಮಿಯಲ್ಲಿ ಒಮ್ಮೆ ಹೀಗೇ ಆಯಿತಂತೆ. ಏನು ಮಾಡಲಿ ಅಂತ ದೇವರನ್ನು ಕೇಳಿ ಹೊರಗೆ ಬಂದು ನೋಡಿದರೆ, ಥೇಟ್ ತಮ್ಮ ಹಾಗೇ ಇರುವ ಒಬ್ಬ ಕೂತು ಹಗ್ಗ ಹೆಣೆಯುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥನೆ ಮಾಡುತ್ತಾನೆ, ಮತ್ತೆ ಕೂತು ಹೆಣೆಯುತ್ತಾನೆ, ಮತ್ತೆ ಏಳುತ್ತಾನೆ. ಅವನು ದೇವದೂತ. "ಹೀಗೆ ಮಾಡು, ಉಳಿಯುತ್ತೀಯ" ಅಂದನಂತೆ. ಅಷ್ಟೇ ಕಥೆ. ಇನ್ನೊಬ್ಬ ಹಿರಿಯರು, ಅಬ್ಬಾ ಮೋಸೆಸ್ (ಅಬ್ಬಾ ಅಂದರೆ ತಂದೆ). ಒಂದು ಮಾತು ಹೇಳಿ ಅಂತ ಬಂದವನಿಗೆ, ಹೋಗಿ ನಿನ್ನ ಕೋಣೆಯಲ್ಲಿ ಕೂತುಕೋ, ಕೋಣೆಯೇ ನಿನಗೆ ಎಲ್ಲ ಕಲಿಸುತ್ತದೆ ಅಂದರು. ನಿಮ್ಮ ಕೋಣೆ ಅಂದರೆ ಈಗ ನೀವಿರುವ ಮನೆ. ಅತ್ತೆಯ ಹಾಸಿಗೆ, ಮಕ್ಕಳ ಹೋಂವರ್ಕ್, ಸಿಂಕ್‌ನಲ್ಲಿ ಬಿದ್ದಿರುವ ಪಾತ್ರೆ ಎಲ್ಲ ಸೇರಿ. ಇದರಾಚೆ ನೆಮ್ಮದಿಯ ಇನ್ನೊಂದು ಕೋಣೆ ಇದೆ ಅಂತ ಮನಸ್ಸು ಹೇಳುತ್ತಿರುತ್ತದಲ್ಲ, ಆ ಮಾತನ್ನು ಒಂದು ಕ್ಷಣ ನಂಬದೆ ನೋಡಿ.

ಬೆನೆಡಿಕ್ಟರು ಸುಮಾರು 480ರಿಂದ 547ರವರೆಗೆ ಇಟಲಿಯಲ್ಲಿ ಬದುಕಿದವರು. 73 ಅಧ್ಯಾಯಗಳ ಅವರ ಪುಟ್ಟ ನಿಯಮವನ್ನೇ ಪಶ್ಚಿಮದ ಬಹುಪಾಲು ಮಠಗಳು ಇವತ್ತಿಗೂ ಪಾಲಿಸುತ್ತವೆ. ಅದರಲ್ಲಿ ಸನ್ಯಾಸಿ ಕೊಡುವ ಮಾತುಗಳಲ್ಲಿ ಒಂದು ಈ ಜಾಗ ಬಿಡುವುದಿಲ್ಲ ಅನ್ನುವುದು. ಈ ಜನ, ಈ ಮಠ, ಸಾಯುವವರೆಗೂ. ಮದುವೆಯಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಇರುವ ಕಡೆ ಇರು ಅನ್ನುವ ಮಾತನ್ನು ಹೊಡೆತ ತಿನ್ನುವ ಹೆಂಗಸರಿಗೆ, ಹಿಂಸೆ ಅನುಭವಿಸುವವರಿಗೆ ಹೇಳಿ ಬಾಯಿ ಮುಚ್ಚಿಸಿದವರು ಬಹಳ ಜನ ಇದ್ದಾರೆ. ಅದು ತಪ್ಪು. ಬೆನೆಡಿಕ್ಟರೇ ಒಮ್ಮೆ ಬಿಟ್ಟು ಹೊರಟವರು. ಅವರ ಶಿಸ್ತು ಸಹಿಸದ ಒಂದು ಮಠದ ಸನ್ಯಾಸಿಗಳು ಅವರ ದ್ರಾಕ್ಷಾರಸಕ್ಕೆ ವಿಷ ಹಾಕಿದರು, ಅವರು ಶಿಲುಬೆಯ ಗುರುತು ಮಾಡಿದಾಗ ಪಾತ್ರೆ ಒಡೆದುಹೋಯಿತು ಅಂತ ಅವರ ಜೀವನ ಬರೆದ ಪೋಪ್ ಗ್ರೆಗೊರಿ ಹೇಳುತ್ತಾರೆ. ಬೆನೆಡಿಕ್ಟರು ಅವರನ್ನು ಬಯ್ಯಲಿಲ್ಲ, ಆದರೆ ಅಲ್ಲಿ ಉಳಿಯಲೂ ಇಲ್ಲ. ವಿಷ ಹಾಕುವ ಮನೆಯಲ್ಲಿ ಉಳಿಯಬೇಕು ಅಂತ ಯಾವ ನಿಯಮವೂ ಕೇಳುವುದಿಲ್ಲ. ಹಾಗೆಯೇ ನಿಮ್ಮ ಬೇಸರ ವಾರಗಟ್ಟಲೆ ಬಿಡದೆ, ನಿದ್ದೆ ಊಟ ಎಲ್ಲ ಕೆಟ್ಟು, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದನ್ನು ಮಧ್ಯಾಹ್ನದ ದೆವ್ವ ಅಂತ ತಳ್ಳಿಹಾಕಬೇಡಿ, ಮೊದಲು ವೈದ್ಯರ ಹತ್ತಿರ ಹೋಗಿ. ನೀವು ಬರೆದದ್ದರಲ್ಲಿ ನನಗೆ ಕಾಣುವುದು ದಣಿವು. ಅದನ್ನು ನಂಬಿಕೊಂಡು ಮುಂದೆ ಬರೆಯುತ್ತೇನೆ.

ಈಗ ನಿಮ್ಮ ಇಪ್ಪತ್ತು ನಿಮಿಷ. ನಿದ್ದೆ ಬರುತ್ತದೆ ಅಂದಿರಿ. ಫ್ರಾನ್ಸಿನ ಲಿಸಿಯೂ ಊರಿನಲ್ಲಿ ಕಾರ್ಮೆಲ್ ಅನ್ನುವ ಪಂಗಡದ ಮಠದಲ್ಲಿದ್ದ ಸಂತ ತೆರೇಸಾ, 24ನೇ ವಯಸ್ಸಿಗೇ ತೀರಿಕೊಂಡ ಹುಡುಗಿ, ತಾನು ಏಳು ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಸುತ್ತಿದ್ದೆ ಅಂತ ಬರೆದುಕೊಂಡಿದ್ದಾಳೆ. ಅದಕ್ಕೆ ದುಃಖಪಡಬೇಕಿತ್ತು, ಆದರೆ ದುಃಖವಿಲ್ಲ, ಮಕ್ಕಳು ಎದ್ದಿದ್ದರೂ ಮಲಗಿದ್ದರೂ ತಂದೆತಾಯಿಗೆ ಪ್ರೀತಿ ಒಂದೇ ಅನ್ನುತ್ತಾಳೆ. ಗಡಿಯಾರ ನೋಡುತ್ತೀರಾ? ಅವಳಿಗಿಂತ ಮುನ್ನೂರು ವರ್ಷ ಮೊದಲು ಸ್ಪೇನ್ ದೇಶದಲ್ಲಿದ್ದ ಆವಿಲಾದ ಸಂತ ತೆರೇಸಾ, ಪ್ರಾರ್ಥನೆಯ ಬಗ್ಗೆ ಇಡೀ ಕ್ರೈಸ್ತ ಸಭೆಗೇ ಪಾಠ ಹೇಳಿದ ಹೆಂಗಸು, ಕೆಲವು ವರ್ಷಗಳ ಕಾಲ ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಅಂತ ಗಡಿಯಾರ ಹೊಡೆಯುವುದನ್ನೇ ಕಾಯುತ್ತಿದ್ದೆ ಅಂತ ಒಪ್ಪಿಕೊಂಡಿದ್ದಾರೆ. ಇಂಥವರಿಗೇ ಹಾಗಾಯಿತು ಅಂದಮೇಲೆ ಮೂರು ವಾರಕ್ಕೆ ನೀವು ಸೋತಿರಿ ಅಂತ ನಾನು ಹೇಗೆ ಒಪ್ಪಲಿ?

ಇಪ್ಪತ್ತು ನಿಮಿಷ ಜಾಸ್ತಿಯಾಯಿತು ಅಂತಲೂ ನನಗೆ ಅನ್ನಿಸುತ್ತದೆ. ದಿನವಿಡೀ ಓಡಾಡಿದ ಮೈಯನ್ನು ರಾತ್ರಿ ಏನೂ ಮಾಡದೆ ಕೂರಿಸಿದರೆ ಅದು ಮಲಗದೆ ಇನ್ನೇನು ಮಾಡೀತು. ಐದು ನಿಮಿಷಕ್ಕೆ ಇಳಿಸಿ. ಬೆಳಗ್ಗೆ ಆದರೆ ಒಳ್ಳೆಯದು. ಮನಸ್ಸನ್ನು ಖಾಲಿ ಮಾಡಲು ಹೋಗಬೇಡಿ, ಅದಕ್ಕೆ ಕೈತುಂಬ ಒಂದು ಸಣ್ಣ ಕೆಲಸ ಕೊಡಿ. ಮರುಭೂಮಿಯ ಹಿರಿಯರಿಂದ ಕಲಿತು ಆ ಮಾತುಗಳನ್ನು ಯೂರೋಪಿಗೆ ತಂದ ಜಾನ್ ಕಾಸಿಯನ್ ಅವರು ಒಂದೇ ಒಂದು ಸಾಲನ್ನು ಶಿಫಾರಸು ಮಾಡುತ್ತಾರೆ. ಬೈಬಲ್ಲಿನ 70ನೇ ಕೀರ್ತನೆಯ ಮೊದಲ ಸಾಲು. ದೇವರೇ ನನ್ನ ನೆರವಿಗೆ ಬಾ, ಬೇಗ ಬಂದು ಸಹಾಯ ಮಾಡು ಅನ್ನುವುದು ಅದರ ತಾತ್ಪರ್ಯ. ಹಸಿವಾದಾಗ, ಸಿಟ್ಟು ಬಂದಾಗ, ನಿದ್ದೆ ಹತ್ತದಾಗ, ಖುಷಿಯಾದಾಗಲೂ ಇದೇ ಸಾಲು ಸಾಕು ಅನ್ನುತ್ತಾರೆ. ಮಠಗಳಲ್ಲಿ ಇವತ್ತಿಗೂ ದಿನದ ಪ್ರಾರ್ಥನೆಗಳು ಈ ಸಾಲಿನಿಂದಲೇ ಶುರುವಾಗುತ್ತವೆ. ಇದನ್ನು ಹೇಳಲು ಕಣ್ಣು ಮುಚ್ಚಿ ಕೂರಬೇಕಾಗಿಲ್ಲ. ಬಸ್ಸಿನಲ್ಲಿ ಹೇಳಬಹುದು, ಲಿಫ್ಟ್‌ನಲ್ಲಿ ಹೇಳಬಹುದು, ಅತ್ತೆಯ ಹಾಸಿಗೆ ಬದಲಿಸುವಾಗಲೂ ಹೇಳಬಹುದು.

ಓದುವುದಕ್ಕೂ ಅವರದೇ ಒಂದು ಕ್ರಮ ಇದೆ. ಒಂದು ಸಾಲು ಓದಿ, ಅದನ್ನು ಮತ್ತೆ ಮತ್ತೆ ಬಾಯಲ್ಲಿ ಆಡಿಸಿ, ಅದರ ರುಚಿ ಬಿಡುವವರೆಗೂ ಬಿಡದಿರುವುದು. ಲ್ಯಾಟಿನ್‌ನಲ್ಲಿ ಅದಕ್ಕೆ ಇರುವ ಪದ ಹಸು ಮೆಲುಕು ಹಾಕುವುದಕ್ಕೆ ಇರುವ ಪದವೇ. ಕನ್ನಡದಲ್ಲೂ ನಾವು ಹಳೆಯದನ್ನು ಮೆಲುಕು ಹಾಕುವುದು ಅಂತಲೇ ಅನ್ನುತ್ತೇವೆ. ಬೆಳಗ್ಗೆ ಒಂದು ಸಾಲು ಮೇಯ್ದುಕೊಂಡು ಹೊರಟರೆ ಮಧ್ಯಾಹ್ನದವರೆಗೂ ಬಾಯಾಡಲು ಸಾಕು.

ಇನ್ನು ನನಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಮಠದ ಗಂಟೆ. ಬೆನೆಡಿಕ್ಟರ ಲೆಕ್ಕದಲ್ಲಿ ಹಗಲು ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ಮೌನ ಅಂದರೆ ಯಾರೂ ಅಡ್ಡಬರದ ದಿನ ಅಂತ ನಾವು ತಿಳಿಯುತ್ತೇವೆ, ಆದರೆ ಸನ್ಯಾಸಿಯ ದಿನ ದಿನಾಲೂ ಎಂಟು ಸಲ ತುಂಡಾಗುತ್ತದೆ. ಗಂಟೆ ಕೇಳಿದ ತಕ್ಷಣ ಕೈಲಿರುವುದನ್ನು ಅಲ್ಲೇ ಬಿಟ್ಟು ಹೊರಡಬೇಕು ಅಂತ ನಿಯಮ. ಬರೆಯುತ್ತಿದ್ದವನು ಬಾಗಿಲು ತಟ್ಟಿದ ಸದ್ದು ಕೇಳಿದರೆ ಶುರು ಮಾಡಿದ ಅಕ್ಷರವನ್ನೂ ಪೂರ್ತಿ ಮಾಡದೆ ಏಳುತ್ತಿದ್ದ ಅಂತ ಕಾಸಿಯನ್ ಬರೆಯುತ್ತಾರೆ. ನಮ್ಮ ಲಿಪಿಯಲ್ಲಾದರೆ ತಲೆಕಟ್ಟು ಎಳೆಯದೆ ಎದ್ದ ಹಾಗೆ. ನಾನು ಇದನ್ನು ಮೊದಲು ಓದಿದಾಗ ಸಿಟ್ಟು ಬಂದಿತ್ತು, ಅರ್ಧ ಅಕ್ಷರ ಮುಗಿಸಿದರೆ ಏನು ಗಂಟು ಹೋಗುತ್ತದೆ ಅಂತ. ಆಮೇಲೆ ನನ್ನದೇ ಮನೆಯಲ್ಲಿ, ಮಗಳು ಏನೋ ತೋರಿಸಲು ಬಂದು ನಿಂತಾಗ "ಒಂದು ನಿಮಿಷ, ಇದೊಂದು ಮುಗಿಸಿಬಿಡ್ತೀನಿ" ಅಂದೆ. ತಲೆ ಎತ್ತಿ ನೋಡುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ. ಆವತ್ತು ಆ ಅಕ್ಷರದ ವಿಷಯ ಅರ್ಥವಾಯಿತು.

ಹಾಗಾಗಿ ನಿಮಗೆ ಗಂಟೆ ಇಲ್ಲ ಅಂದುಕೊಳ್ಳಬೇಡಿ. ಅತ್ತೆ ಕರೆಯುತ್ತಾರಲ್ಲ, ಅದು ಗಂಟೆ. ಮಗು ರಾತ್ರಿ ಎರಡಕ್ಕೆ ಅಳುವುದು ಮಠದಲ್ಲಿ ರಾತ್ರಿಯ ಪ್ರಾರ್ಥನೆಗೆ ಏಳುವ ಹೊತ್ತು. ಏಳುವ ಮುಂಚೆ ಒಂದು ಉಸಿರು ತೆಗೆದುಕೊಂಡು, ಆ ಒಂದು ಸಾಲು ಹೇಳಿ ಏಳಿ. ಎಲ್ಲ ಸಲವೂ ನೆನಪಾಗುವುದಿಲ್ಲ. ಹತ್ತರಲ್ಲಿ ಒಂದು ಸಲ ನೆನಪಾದರೂ ಆಯಿತು.

ಆದರೆ ಮಠದ ಸನ್ಯಾಸಿಗೂ ನಿಮಗೂ ದೊಡ್ಡ ವ್ಯತ್ಯಾಸ ಒಂದಿದೆ, ಅದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡಿದರೆ ಮೋಸವಾಗುತ್ತದೆ. ಸನ್ಯಾಸಿ ಒಬ್ಬನೇ ಅಡುಗೆ ಮಾಡುವುದಿಲ್ಲ. ನಿಯಮದ 35ನೇ ಅಧ್ಯಾಯ ಪೂರ್ತಿ ಅಡುಗೆಮನೆಯ ಸರದಿಯ ಬಗ್ಗೆ. ಕಾಯಿಲೆಯವರು ಮತ್ತು ಮುಖ್ಯವಾದ ಬೇರೆ ಕೆಲಸದಲ್ಲಿರುವವರನ್ನು ಬಿಟ್ಟರೆ ಯಾರಿಗೂ ವಿನಾಯಿತಿ ಇಲ್ಲ, ವಾರಕ್ಕೊಬ್ಬರಂತೆ ಎಲ್ಲರೂ ಬಡಿಸಬೇಕು. ಕೈಲಾಗದವರಿಗೆ ಜೊತೆಗೆ ಆಳು ಕೊಡಬೇಕು. ವಾರ ಮುಗಿದಾಗ ಪಾತ್ರೆಗಳನ್ನೆಲ್ಲ ತೊಳೆದು, ಒಂದೂ ಒಡೆಯದೆ ಉಗ್ರಾಣದವನಿಗೆ ಲೆಕ್ಕ ಒಪ್ಪಿಸಬೇಕು. ನಿಮ್ಮ ಗಂಡ ಅವರಿಂದೇನು ಪಾಠ ಅಂತ ಕೇಳಿದರಲ್ಲ, ಈ ಅಧ್ಯಾಯವನ್ನು ಇಬ್ಬರೂ ಕೂತು ಓದಿ. ನಿಜವಾಗಿ ಹೇಳುತ್ತಿದ್ದೇನೆ. ಇಡೀ ಮನೆಯ ಭಾರ ಒಬ್ಬರ ಮೇಲೆ ಬಿದ್ದಿದ್ದರೆ ಎಷ್ಟು ಪ್ರಾರ್ಥನೆ ಮಾಡಿದರೂ ಆ ದಣಿವು ಹೋಗುವುದಿಲ್ಲ. ಬೆನೆಡಿಕ್ಟರಿಗೆ ಗೊಣಗಾಟ ಕಂಡರೆ ಆಗುತ್ತಿರಲಿಲ್ಲ, ಎಷ್ಟೋ ಅಧ್ಯಾಯಗಳಲ್ಲಿ ಗೊಣಗಬೇಡಿ ಅನ್ನುತ್ತಾರೆ. ಅಷ್ಟಾದರೂ ನ್ಯಾಯವಾದ ಗೊಣಗಾಟಕ್ಕೆ ಕಾರಣವೇ ಇಲ್ಲದ ಹಾಗೆ ಕೆಲಸ ಹಂಚುವುದು ಮಠದ ಹಿರಿಯನ ಹೊಣೆ ಅಂತಲೂ ಬರೆದಿದ್ದಾರೆ. ಅಂದರೆ ನ್ಯಾಯವಾದ ಗೊಣಗಾಟ ಅನ್ನುವುದು ಇದೆ ಅಂತ ಅವರೇ ಒಪ್ಪಿದ ಹಾಗಾಯಿತು.

ಅದೇ ನಿಯಮದಲ್ಲಿ ಇನ್ನೊಂದು ಮಾತು ನನಗೆ ಬಹಳ ಇಷ್ಟ. ಮಠದ ಪಾತ್ರೆ ಪಡಗ, ಸಾಮಾನು ಎಲ್ಲವನ್ನೂ ಪೂಜೆಯ ಪವಿತ್ರ ಪಾತ್ರೆಗಳಂತೆ ನೋಡಿಕೊಳ್ಳಬೇಕು ಅಂತ. ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ 17ನೇ ಶತಮಾನದಲ್ಲಿದ್ದ ಬ್ರದರ್ ಲಾರೆನ್ಸ್ ಇದನ್ನು ಬದುಕಿ ತೋರಿಸಿದವರು. ಮೊದಲು ಸೈನಿಕರಾಗಿದ್ದವರು. ಅಡುಗೆಮನೆಯ ಕೆಲಸ ಅವರಿಗೆ ಒಂಚೂರೂ ಇಷ್ಟವಿರಲಿಲ್ಲ, ಅಲ್ಲೇ ಹದಿನೈದು ವರ್ಷ ದುಡಿದರು. ಆ ಗಲಾಟೆಯ ನಡುವೆ, ನಾಲ್ಕು ಜನ ನಾಲ್ಕು ಕೇಳುತ್ತಿರುವಾಗಲೂ, ಪ್ರಾರ್ಥನೆಗೆ ಮಂಡಿಯೂರಿದಾಗ ಇರುವಷ್ಟೇ ಶಾಂತಿ ತನಗಿರುತ್ತದೆ ಅಂದರು. ಈ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದಕ್ಕೆ ಮೊದಲು ಹತ್ತು ವರ್ಷ ಬಹಳ ಒದ್ದಾಡಿದೆ ಅಂತಲೂ ಅವರು ಹೇಳಿದ್ದಾರೆ, ಅದನ್ನು ಮಾತ್ರ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ನಿಮಗೆ ಈಗ ಬೇಕಾದದ್ದು ಆ ಹತ್ತು ವರ್ಷದ ಸುದ್ದಿ.

ಜೊತೆಯಲ್ಲಿರುವವರ ಕಿರಿಕಿರಿಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಒಂದು ಮಾತು. ಲಿಸಿಯೂನ ತೆರೇಸಾಳ ಹಿಂದೆ ಪ್ರಾರ್ಥನೆಗೆ ಕೂರುತ್ತಿದ್ದ ಒಬ್ಬ ಸಿಸ್ಟರ್ ಏನೋ ಒಂದು ಸಣ್ಣ ಶಬ್ದ ಮಾಡುತ್ತಲೇ ಇರುತ್ತಿದ್ದರು. ತಿರುಗಿ ಒಮ್ಮೆ ದಿಟ್ಟಿಸಿಬಿಡಬೇಕು ಅನ್ನುವ ಆಸೆಯನ್ನು ತಡೆದು ತಡೆದು ಇವಳು ಬೆವರಿಹೋಗುತ್ತಿದ್ದಳು. ಕೊನೆಗೆ ಆ ಶಬ್ದವನ್ನು ಕೇಳದಿರುವ ಪ್ರಯತ್ನ ಬಿಟ್ಟು, ಒಳ್ಳೆಯ ಸಂಗೀತ ಕೇಳುವ ಹಾಗೆ ಮನಸ್ಸಿಟ್ಟು ಕೇಳಿ ಅದನ್ನೇ ಯೇಸುವಿಗೆ ಒಪ್ಪಿಸಿದಳು. ಮಠದ ಪ್ರಾರ್ಥನಾಲಯದಲ್ಲೂ ಇದೇ ಪಾಡು. ಬೆನೆಡಿಕ್ಟರಿಗೂ ಇದು ಗೊತ್ತಿತ್ತು. ಯೇಸು ಕಲಿಸಿದ ಪ್ರಾರ್ಥನೆಯನ್ನು ಬೆಳಗ್ಗೆ, ಸಂಜೆ ಹಿರಿಯನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು ಅಂತ ಅವರು ವಿಧಿಸಿದ್ದಾರೆ. ಕಾರಣ, ಒಟ್ಟಿಗೆ ಬದುಕುವ ಕಡೆ ಮುಳ್ಳುಗಳು ಏಳುತ್ತಲೇ ಇರುತ್ತವೆ. ನಾವು ಕ್ಷಮಿಸಿದ ಹಾಗೆ ನಮ್ಮನ್ನು ಕ್ಷಮಿಸು ಅನ್ನುವ ಸಾಲು ದಿನಕ್ಕೆ ಎರಡು ಸಲ ಎಲ್ಲರ ಕಿವಿಗೂ ಬೀಳಲಿ ಅಂತ. ಜಗಳ ಆಗುವುದೇ ಇಲ್ಲ ಅಂತ ಅವರು ಅಂದುಕೊಂಡಿರಲಿಲ್ಲ. ಆದ ಜಗಳ ಸಂಜೆ ದಾಟಿ ಹೋಗದಿರಲಿ ಅಂತ ವ್ಯವಸ್ಥೆ ಮಾಡಿದರು.

ಓಡಿಹೋದವರು ಅನ್ನುವ ಮಾತಿಗೆ ಬರೋಣ. ಓಡಿಹೋಗಿ ಮಠ ಸೇರಿದವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹಾಗೆ ಬಂದವರಿಗೆ ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವೇ ಸಿಗುವುದಿಲ್ಲ. ಮರ್ಟನ್ ಅವರನ್ನೇ ನೋಡಿ. 1958ರ ಮಾರ್ಚ್ 18ರಂದು ಯಾವುದೋ ಕೆಲಸಕ್ಕೆ ಲೂಯಿವಿಲ್ ಪೇಟೆಗೆ ಹೋದಾಗ, ಅಂಗಡಿಬೀದಿಯ ಮೂಲೆಯಲ್ಲಿ ನಿಂತು ಜನ ಓಡಾಡುವುದನ್ನು ನೋಡುತ್ತಾ, ಇವರೆಲ್ಲ ನನ್ನವರು, ನಾನು ಇವರಿಂದ ಬೇರೆ ಅಂದುಕೊಂಡದ್ದೇ ಒಂದು ಕನಸು ಅಂತ ಅವರಿಗೆ ತಟ್ಟನೆ ಹೊಳೆಯಿತು. ಹದಿನಾರು ವರ್ಷದ ಮಠವಾಸ ಅವರನ್ನು ಜನರ ಹತ್ತಿರಕ್ಕೇ ತಂದು ನಿಲ್ಲಿಸಿತ್ತು. ಇನ್ನು ಅಲ್ಜೀರಿಯಾದ ತಿಬ್ಹಿರಿನ್ ಮಠದ ಟ್ರ್ಯಾಪಿಸ್ಟ್ ಸನ್ಯಾಸಿಗಳು, ಬೆನೆಡಿಕ್ಟರ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವರು. 1990ರ ದಶಕದ ಅಂತರ್ಯುದ್ಧದಲ್ಲಿ ಜೀವಕ್ಕೆ ಅಪಾಯ ಇದೆ, ಹೊರಟುಬಿಡಿ ಅಂತ ಎಲ್ಲರೂ ಹೇಳಿದರು. ಅವರು ಒಟ್ಟಿಗೆ ಕೂತು ಮಾತಾಡಿ, ಮುಸ್ಲಿಂ ನೆರೆಹೊರೆಯವರ ಜೊತೆಗೇ ಉಳಿಯುವುದು ಅಂತ ತೀರ್ಮಾನಿಸಿದರು. ಅವರಲ್ಲಿ ವೈದ್ಯರಾಗಿದ್ದ ವಯಸ್ಸಾದ ಬ್ರದರ್ ಲೂಕ್ ಹಳ್ಳಿಯವರಿಗೆ ಔಷಧಿ ಕೊಡುತ್ತಲೇ ಇದ್ದರು. 1996ರಲ್ಲಿ ಏಳು ಜನರನ್ನು ಅಪಹರಿಸಿದರು, ಏಳು ಜನರೂ ಸತ್ತರು. ನಿಮ್ಮ ಗಂಡನಿಗೆ ವಾದಕ್ಕೆ ಅಂತಲ್ಲ, ಸುಮ್ನೆ ಈ ಕಥೆ ಹೇಳಿ.

ಮೌನದ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಮಾತೇ ಆಡುವುದಿಲ್ಲ ಅಂತ ಟ್ರ್ಯಾಪಿಸ್ಟರು ವ್ರತ ತೊಡುವುದಿಲ್ಲ. ಬೇಕಾದಷ್ಟೇ ಮಾತು ಅನ್ನುವುದು ಅವರ ಅಭ್ಯಾಸ. 1084ರಲ್ಲಿ ಶುರುವಾದ ಕಾರ್ಥೂಸಿಯನ್ ಪಂಗಡದ ಸನ್ಯಾಸಿಗಳು ಎಲ್ಲರಿಗಿಂತ ಕಟ್ಟುನಿಟ್ಟು, ಅವರೂ ವಾರಕ್ಕೊಮ್ಮೆ ಒಟ್ಟಿಗೆ ಕೆಲವು ಗಂಟೆ ನಡೆಯಲು ಹೋಗಿ ಮನಸಾರೆ ಮಾತಾಡುತ್ತಾರೆ. ಮನೆಗೆ ತಂದುಕೊಳ್ಳಬಹುದಾದದ್ದು ರಾತ್ರಿಯ ಮೌನ. ದಿನದ ಕೊನೆಯ ಪ್ರಾರ್ಥನೆ ಆದಮೇಲೆ ಬೆಳಗಿನವರೆಗೂ ಅಲ್ಲಿ ಮಾತಿಲ್ಲ. ನೀವು ಮಲಗುವ ಅರ್ಧ ಗಂಟೆ ಮೊದಲು ಫೋನನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ.

ಎರಡು ಮೂರು ದಿನ ಹೋಗಿ ಬರಬಹುದಾ ಅಂದಿರಿ. ಧಾರಾಳವಾಗಿ ಹೋಗಿ. ಬಂದ ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡ ಹಾಗೆ ಬರಮಾಡಿಕೊಳ್ಳಬೇಕು ಅಂತ ಅವರ ನಿಯಮದಲ್ಲೇ ಇದೆ, ಅನೇಕ ಮಠಗಳಲ್ಲಿ ಅತಿಥಿಗಳಿಗೆ ಅಂತಲೇ ಕೋಣೆಗಳಿರುತ್ತವೆ. ಮೊದಲೇ ಬರೆದು ಕೇಳಿಕೊಳ್ಳಿ. ಹೋದ ಮೊದಲ ದಿನ ನಿದ್ದೆ ಮಾಡಿ, ನಾಚಿಕೆ ಬೇಡ. ಎರಡನೇ ದಿನ ಮಧ್ಯಾಹ್ನಕ್ಕೆ ಬೇಸರ ಬರುತ್ತದೆ, ಮಕ್ಕಳು ಊಟ ಮಾಡಿದರಾ ಅಂತ ಮನಸ್ಸು ಮನೆ ಕಡೆ ಎಳೆಯುತ್ತದೆ. ಆಗ ಇವಾಗ್ರಿಯಸ್ ಹೇಳಿದ ಕಿಟಕಿ ನೆನಪು ಮಾಡಿಕೊಳ್ಳಿ, ಅಡುಗೆಮನೆಗೆ ಹೋಗಿ ಏನಾದರೂ ಕೆಲಸ ಇದೆಯಾ ಅಂತ ಅಲ್ಲಿಯವರನ್ನು ಕೇಳಿ. ಆ ಮೂರು ದಿನ ಅತ್ತೆಯನ್ನು ನೋಡಿಕೊಳ್ಳುವ ಸರದಿ ಯಾರದು ಅನ್ನುವುದನ್ನು ಹೊರಡುವ ಮುಂಚೆಯೇ ನಿಮ್ಮ ಗಂಡನ ಜೊತೆ ಕೂತು ತೀರ್ಮಾನಿಸಿಕೊಳ್ಳಿ.